ಸಿಮ್‌ಲಿಂಕ್ ಸಿಸ್ಟಮ್ ಕಾಲ್: ಹದಿಮೂರು ವರ್ಷ ಬಳಸಿದವಳ ವಿಮರ್ಶೆ

ಸಿಂಬಾಲಿಕ್ ಲಿಂಕ್ (ಬೇರೊಂದು ಫೈಲ್ ಅಥವಾ ಫೋಲ್ಡರ್‌ಗೆ ದಾರಿ ತೋರಿಸುವ ಪುಟ್ಟ ಫೈಲ್) ಅಂದ ಕೂಡಲೇ ಎಲ್ಲರಿಗೂ ಅದನ್ನು ಮಾಡುವ ಎಲ್‌ಎನ್ ಕಮಾಂಡ್ ನೆನಪಾಗುತ್ತದೆ. ನಾನು ಬರೆಯುತ್ತಿರುವುದು ಆ ಕಮಾಂಡ್ ಬಗ್ಗೆ ಅಲ್ಲ, ಅದರ ಕೆಳಗೆ ನಿಜವಾಗಿ ಕೆಲಸ ಮಾಡುವ ಸಿಸ್ಟಮ್ ಕಾಲ್ ಬಗ್ಗೆ, ಅಂದರೆ ಪ್ರೋಗ್ರಾಮ್ ಆಪರೇಟಿಂಗ್ ಸಿಸ್ಟಮ್ ಹತ್ತಿರ ಕೆಲಸ ಕೇಳುವ ಕರೆ. ಲಿನಕ್ಸ್‌ನಲ್ಲಿ ಅದು ಸಿಮ್‌ಲಿಂಕ್, ಜೊತೆಗೆ ಅದರ ತಮ್ಮ ಸಿಮ್‌ಲಿಂಕ್‌ಆಟ್. ವಿಂಡೋಸ್‌ನಲ್ಲಿ ಅದೇ ಕೆಲಸಕ್ಕೆ ಕ್ರಿಯೇಟ್‌ಸಿಂಬಾಲಿಕ್‌ಲಿಂಕ್ ಅನ್ನೋ ಫಂಕ್ಷನ್. ಹದಿಮೂರು ವರ್ಷದಿಂದ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಈಚಿನ ಆರು ವರ್ಷದಿಂದ ಸಿ ಭಾಷೆಯಲ್ಲಿ ಒಂದು ಬ್ಯಾಕಪ್ ಪ್ರೋಗ್ರಾಮ್, ಒಂದು ಡಿಪ್ಲಾಯ್ ಪ್ರೋಗ್ರಾಮ್ (ಹೊಸ ವರ್ಶನ್ ಅನ್ನು ಸರ್ವರ್‌ಗೆ ಹಾಕುವಂಥದ್ದು) ಬರೆದು ನಡೆಸಿಕೊಂಡು ಬರುತ್ತಿದ್ದೇನೆ. ಎರಡೂ ದಿನಾ ಈ ಕಾಲ್‌ಗಳನ್ನೇ ನಂಬಿಕೊಂಡಿವೆ. ಮೊದಲೇ ಅಂಕ ಹೇಳಿಬಿಡುತ್ತೇನೆ: ಲಿನಕ್ಸ್‌ನದಕ್ಕೆ ಐದಕ್ಕೆ ನಾಲ್ಕೂವರೆ, ವಿಂಡೋಸ್‌ನದಕ್ಕೆ ಮೂರು.

ಲಿನಕ್ಸ್‌ನ ಸಿಮ್‌ಲಿಂಕ್‌ಗೆ ಕೊಡಬೇಕಾದದ್ದು ಎರಡೇ ಎರಡು. ಮೊದಲನೆಯದು ಟಾರ್ಗೆಟ್, ಅಂದರೆ ಲಿಂಕ್ ಎಲ್ಲಿಗೆ ತೋರಿಸಬೇಕು ಅನ್ನೋದು. ಎರಡನೆಯದು ಲಿಂಕ್‌ನ ಹೆಸರು. ಕೆಲಸ ಆದರೆ ಸೊನ್ನೆ ವಾಪಸ್ ಬರುತ್ತದೆ. ಆಗದಿದ್ದರೆ ಮೈನಸ್ ಒಂದು, ಕಾರಣ ಎರ್‌ನೋ ಅನ್ನೋ ಎರರ್ ನಂಬರ್‌ನಲ್ಲಿ. ಅಷ್ಟೇ. ಈ ಕಾಲ್ ಮೂಲತಃ 1983ರಲ್ಲಿ 4.2 ಬಿಎಸ್‌ಡಿ ಅನ್ನೋ ಯುನಿಕ್ಸ್ ಜೊತೆ ಬಂದದ್ದು. ಆಗಿನ ಎರಡು ಆರ್ಗ್ಯುಮೆಂಟ್ ಇವತ್ತಿಗೂ ಹಾಗೇ ಇವೆ. ನಾಲ್ಕು ದಶಕ ದಾಟಿದ ಮೇಲೂ ಬದಲಿಸಬೇಕು ಅನ್ನಿಸದಂಥ ಇಂಟರ್‌ಫೇಸ್ ಸಿಗುವುದು ಅಪರೂಪ, ಅಲ್ವಾ?

ಈ ಕಾಲ್ ಬಗ್ಗೆ ಒಂದೇ ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ನಿಮ್ಮ ಟಾರ್ಗೆಟ್ ಅನ್ನು ಬರೀ ಅಕ್ಷರದ ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಆ ಫೈಲ್ ಇದೆಯಾ ಅಂತ ನೋಡುವುದಿಲ್ಲ. ಅದು ಫೈಲೋ ಫೋಲ್ಡರೋ ಅಂತ ಕೇಳುವುದಿಲ್ಲ. ನಿಮಗೆ ಅಲ್ಲಿಗೆ ಹೋಗಲು ಅನುಮತಿ ಇದೆಯಾ ಅನ್ನೋದೂ ಅದಕ್ಕೆ ಬೇಡ. ಮನೆ ನಂಬರ್ ಬರೆದ ಚೀಟಿ ಕೊಟ್ಟರೆ ಜೇಬಿನಲ್ಲಿ ಇಟ್ಟುಕೊಂಡಂತೆ. ಮನೆ ಇದೆಯೋ ಇಲ್ಲವೋ ಹುಡುಕಿಕೊಂಡು ಹೋದವರಿಗೇ ಗೊತ್ತಾಗುವುದು.

ನಂಬಿಕೆ ಬರದಿದ್ದರೆ ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ. "ಕನ್ನಡ" ಅನ್ನೋ ಪದವನ್ನೇ ಟಾರ್ಗೆಟ್ ಆಗಿ ಕೊಟ್ಟು ಒಂದು ಲಿಂಕ್ ಮಾಡಿ. ಆ ಹೆಸರಿನ ಫೈಲ್ ಇರಲೇಬಾರದು. ಕಾಲ್ ಸೊನ್ನೆ ಕೊಡುತ್ತದೆ. ಈಗ ಆ ಲಿಂಕ್ ಮೇಲೆ ಎಲ್‌ಸ್ಟ್ಯಾಟ್ (ಲಿಂಕ್‌ನದೇ ವಿವರ ಹೇಳುವ ಕಾಲ್) ಕರೆದು ಅಳತೆ ನೋಡಿ. 15 ಅಂತ ಬರುತ್ತದೆ. ಕ, ನ, ಒತ್ತಿಗಾಗಿ ಬರುವ ವಿರಾಮ, ಮತ್ತೆ ನ, ಆಮೇಲೆ ಡ. ಒಟ್ಟು ಐದು ಯೂನಿಕೋಡ್ ಚಿಹ್ನೆ, ಯುಟಿಎಫ್ 8ರಲ್ಲಿ ಒಂದೊಂದಕ್ಕೆ ಮೂರು ಬೈಟ್. ಲಿಂಕ್‌ನ ಅಳತೆ ಅಂದರೆ ಅದರೊಳಗಿನ ಬರಹದ ಅಳತೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ನಮ್ಮ ತಂಡಕ್ಕೆ ಹೊಸಬರು ಬಂದಾಗ ನಾನು ಮೊದಲು ಮಾಡಿಸುವ ಪರೀಕ್ಷೆ ಇದೇ. ಈ 15 ಕಣ್ಣಾರೆ ಕಂಡವರು ಆಮೇಲೆ ಲಿಂಕ್ ಅನ್ನು ಫೈಲ್‌ನ ಇನ್ನೊಂದು ಹೆಸರು ಅಂತ ತಪ್ಪು ತಿಳಿಯುವುದಿಲ್ಲ. ಇನ್ನೊಂದು ಹೆಸರು ಬೇಕಿದ್ದರೆ ಹಾರ್ಡ್ ಲಿಂಕ್ ಇದೆ. ಅದಕ್ಕೆ ಬೇರೆ ಕಾಲ್, ಬೇರೆ ಕಟ್ಟುಪಾಡು: ಒಂದೇ ಫೈಲ್‌ಸಿಸ್ಟಮ್ ಒಳಗೇ ಇರಬೇಕು, ಫೋಲ್ಡರ್‌ಗೆ ಆಗುವುದಿಲ್ಲ. ಸಿಮ್‌ಲಿಂಕ್‌ಗೆ ಈ ಎರಡೂ ಅಡ್ಡಿ ಇಲ್ಲ, ಯಾಕೆಂದರೆ ಅದರೊಳಗೆ ಇರುವುದು ಬರೀ ಬರಹ.

ಇನ್ನೊಂದು ಮಾತು. ಎಕ್ಸ್ಟ್4 ಫೈಲ್‌ಸಿಸ್ಟಮ್‌ನಲ್ಲಿ ಟಾರ್ಗೆಟ್ 60 ಬೈಟ್‌ಗಿಂತ ಚಿಕ್ಕದಿದ್ದರೆ ಅದಕ್ಕೆ ಬೇರೆ ಡಿಸ್ಕ್ ಬ್ಲಾಕೇ ಬೇಕಿಲ್ಲ. ಫೈಲ್‌ನ ವಿವರ ಇಡುವ ಐನೋಡ್ ಒಳಗೇ ಕೂತುಬಿಡುತ್ತದೆ. ಚಿಕ್ಕ ಟಾರ್ಗೆಟ್‌ನ ಸಾವಿರಾರು ಲಿಂಕ್ ಇರುವ ಫೋಲ್ಡರ್‌ಗಳಲ್ಲಿ ಇದು ಒಳ್ಳೆಯ ಉಳಿತಾಯ.

ಹಾಗೆ ನೋಡಿದರೆ, ಪರೀಕ್ಷೆ ಮಾಡದೆ ಇಟ್ಟುಕೊಳ್ಳುವ ಈ ಗುಣವೇ ಅದರ ದೊಡ್ಡ ಬಲ. ಇನ್ನೂ ಮೌಂಟ್ ಆಗದ ಡಿಸ್ಕ್‌ಗೆ ಇವತ್ತೇ ಲಿಂಕ್ ಮಾಡಿಡಬಹುದು. ನಾಳೆ ಬರುವ ವರ್ಶನ್‌ಗೆ ಇವತ್ತೇ ದಾರಿ ಹಾಕಬಹುದು. ಈಮ್ಯಾಕ್ಸ್ ಎಡಿಟರ್ ಇದನ್ನು ಎಷ್ಟು ಚೆನ್ನಾಗಿ ಬಳಸಿಕೊಂಡಿದೆ ನೋಡಿ. ಒಂದು ಫೈಲ್ ತಿದ್ದಲು ಶುರು ಮಾಡಿದ ಕೂಡಲೇ ಪಕ್ಕದಲ್ಲಿ ಚುಕ್ಕೆ ಮತ್ತು ಹ್ಯಾಶ್‌ನಿಂದ ಶುರುವಾಗುವ ಹೆಸರಿನ ಒಂದು ಸಿಮ್‌ಲಿಂಕ್ ಇಡುತ್ತದೆ. ಅದರ ಟಾರ್ಗೆಟ್ ಯಾವ ಫೈಲೂ ಅಲ್ಲ. ತಿದ್ದುತ್ತಿರುವವರ ಹೆಸರು, ಮೆಷಿನ್ ಹೆಸರು, ಪ್ರೋಸೆಸ್ ನಂಬರ್ ಎಲ್ಲ ಸೇರಿಸಿದ ಒಂದು ಸಾಲು. ಹೆಸರು ಮೊದಲೇ ಇದ್ದರೆ ಸಿಮ್‌ಲಿಂಕ್ ಕಾಲ್ ಈಎಕ್ಸಿಸ್ಟ್ ಅಂತ ಸೋಲುತ್ತದೆ. ಇಬ್ಬರು ಒಂದೇ ಕ್ಷಣಕ್ಕೆ ಬಂದರೂ ಒಬ್ಬರೇ ಗೆಲ್ಲುತ್ತಾರೆ. ಸೋತವರಿಗೆ ಗೆದ್ದವರು ಯಾರು ಅನ್ನೋದೂ ಆ ಲಿಂಕ್ ಓದಿದರೆ ಸಿಗುತ್ತದೆ. ಬೀಗ ಹಾಕುವುದು, ಬೀಗದ ಮೇಲೆ ಹೆಸರು ಬರೆಯುವುದು, ಎರಡೂ ಒಂದೇ ಏಟಿಗೆ. ಮಾಮೂಲಿ ಫೈಲ್‌ನಲ್ಲಿ ಇದನ್ನೇ ಮಾಡಲು ಹೋದರೆ ಮೊದಲು ಫೈಲ್ ಸೃಷ್ಟಿ, ಆಮೇಲೆ ಬರೆಯುವುದು. ನಡುವೆ ಖಾಲಿ ಬೀಗ ಇರುವ ಒಂದು ಗಳಿಗೆ ಬಂದೇ ಬರುತ್ತದೆ. ನಾನು ಬ್ಯಾಕಪ್ ಪ್ರೋಗ್ರಾಮ್‌ನ ಬೀಗವನ್ನೂ ಇದೇ ರೀತಿ ಮಾಡಿದ್ದೇನೆ. ಆರು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ.

ಈಗ ಅದೇ ಗುಣ ನನಗೆ ಪೆಟ್ಟು ಕೊಟ್ಟ ದಿನದ ಬಗ್ಗೆ ಹೇಳಬೇಕು. ಬ್ಯಾಕಪ್ ಪ್ರೋಗ್ರಾಮ್‌ನ ಮೊದಲ ವರ್ಶನ್ ಅದು. ಒಂದು ಅಪ್ಲಿಕೇಶನ್‌ನ ಫೋಲ್ಡರ್ ಇಡೀ ಬ್ಯಾಕಪ್ ತೆಗೆಯುತ್ತಿದ್ದೆ. ಲಿಂಕ್ ಸಿಕ್ಕರೆ ಅದರ ಟಾರ್ಗೆಟ್ ಓದಿ ಹಾಗೇ ಬರೆದಿಡುವುದು, ರಿಸ್ಟೋರ್ ಮಾಡುವಾಗ ಸಿಮ್‌ಲಿಂಕ್ ಕರೆದು ಮತ್ತೆ ಹುಟ್ಟಿಸುವುದು. ತಿಂಗಳಿಗೊಮ್ಮೆ ಅದೇ ಮೆಷಿನ್‌ನಲ್ಲಿ ಬೇರೆ ಜಾಗಕ್ಕೆ ರಿಸ್ಟೋರ್ ಮಾಡಿ ಪರೀಕ್ಷೆ ಮಾಡುತ್ತಿದ್ದೆ. ಪ್ರತಿ ಸಲವೂ ಎಲ್ಲ ಫೈಲ್ ತೆರೆಯುತ್ತಿದ್ದವು. ಚೆಕ್‌ಸಮ್ ಸರಿ. ನಿಶ್ಚಿಂತೆಯಾಗಿದ್ದೆ.

ಆಮೇಲೆ ಒಂದು ದಿನ ಡಿಸ್ಕ್ ಹೋಯಿತು. ಹೊಸ ಮೆಷಿನ್‌ಗೆ ರಿಸ್ಟೋರ್ ಮಾಡಿದೆ. ಅಪ್ಲಿಕೇಶನ್ ಏಳಲೇ ಇಲ್ಲ. ಎಲ್‌ಎಸ್ ಹೊಡೆದರೆ ಹನ್ನೊಂದು ಹೆಸರು ಕೆಂಪಗೆ ಹೊಳೆಯುತ್ತಿವೆ. ಹನ್ನೊಂದೂ ಲಿಂಕ್, ಹನ್ನೊಂದರ ಟಾರ್ಗೆಟೂ ಸ್ಲಾಶ್‌ನಿಂದ ಶುರುವಾಗುವ ಪೂರ್ತಿ ಪಾತ್. ಅವು ತೋರಿಸುತ್ತಿದ್ದ ಹಂಚಿಕೆಯ ಫೋಲ್ಡರ್ ನನ್ನ ಬ್ಯಾಕಪ್‌ನ ಹೊರಗೇ ಇತ್ತು. ಎದೆ ಧಸಕ್ಕೆಂದಿತು. ತಿಂಗಳು ತಿಂಗಳು ನಾನು ಪರೀಕ್ಷೆ ಮಾಡಿದ್ದು ರಿಸ್ಟೋರ್ ಆದ ಫೈಲ್‌ಗಳನ್ನಲ್ಲ. ಆ ಹನ್ನೊಂದು ಲಿಂಕ್‌ಗಳ ಮೂಲಕ, ಅದೇ ಮೆಷಿನ್‌ನಲ್ಲಿ ಜೀವಂತವಾಗಿದ್ದ ಅಸಲಿ ಫೈಲ್‌ಗಳನ್ನೇ ಓದಿ ಸರಿಯಿದೆ ಅಂದುಕೊಂಡಿದ್ದೆ. ಆ ಹಂಚಿಕೆಯ ಫೋಲ್ಡರ್ ಬೇರೆ ಡಿಸ್ಕ್‌ನಲ್ಲಿ ಇದ್ದದ್ದರಿಂದ ಡೇಟಾ ಉಳಿಯಿತು. ಇಲ್ಲದಿದ್ದರೆ ಏನು ಉತ್ತರ ಹೇಳಬೇಕಿತ್ತೋ.

ತಪ್ಪು ಕಾಲ್‌ನದ್ದಲ್ಲ. ಕೊಟ್ಟ ಬರಹವನ್ನು ಒಂದು ಬೈಟೂ ಬದಲಿಸದೆ ಇಟ್ಟುಕೊಂಡಿತ್ತು, ಒಂದು ಬೈಟೂ ಬದಲಿಸದೆ ವಾಪಸ್ ಕೊಟ್ಟಿತ್ತು. ಪೂರ್ತಿ ಪಾತ್ ಕೊಟ್ಟರೆ ಲಿಂಕ್ ಎಲ್ಲಿಗೆ ಹೋದರೂ ಹಳೆಯ ಜಾಗವನ್ನೇ ತೋರಿಸುತ್ತದೆ. ಈಗ ನನ್ನ ಪ್ರೋಗ್ರಾಮ್ ಬ್ಯಾಕಪ್ ತೆಗೆಯುವಾಗಲೇ ಪ್ರತಿ ಲಿಂಕ್‌ನ ಟಾರ್ಗೆಟ್ ಓದಿ, ಅದು ಬ್ಯಾಕಪ್‌ನ ಹೊರಗೆ ಹೋಗುತ್ತಿದ್ದರೆ ಹೆಸರು ಸಮೇತ ಪಟ್ಟಿ ಮಾಡುತ್ತದೆ. ಆ ಪಟ್ಟಿ ಖಾಲಿ ಇಲ್ಲದಿದ್ದರೆ ಬೆಳಿಗ್ಗೆ ನನಗೆ ಮೇಲ್ ಬರುತ್ತದೆ.

ಹಾಗಾದರೆ ಯಾವಾಗಲೂ ಸಾಪೇಕ್ಷ ಪಾತ್, ಅಂದರೆ ಸ್ಲಾಶ್‌ನಿಂದ ಶುರುವಾಗದ ಪಾತ್ ಕೊಟ್ಟರೆ ಆಯಿತಲ್ಲ ಅನ್ನಬಹುದು. ನಾನೂ ಸಾಧ್ಯವಾದ ಕಡೆಯೆಲ್ಲ ಅದನ್ನೇ ಕೊಡುತ್ತೇನೆ. ಆದರೆ ಅಲ್ಲೂ ಒಂದು ತಿರುವು ಇದೆ. ಹೋದ ವರ್ಷ ತಂಡಕ್ಕೆ ಬಂದ ಹುಡುಗನೊಬ್ಬ ಮಧ್ಯಾಹ್ನ ಮುಖ ಸಪ್ಪಗೆ ಮಾಡಿಕೊಂಡು ಬಂದ.

"ಮೇಡಂ, ಫೈಲ್ ಕಣ್ಣೆದುರಿಗೇ ಇದೆ. ಲಿಂಕ್ ಕೂಡ ಆಯ್ತು. ತೆರೆದರೆ ಮಾತ್ರ ಇಲ್ಲ ಅಂತಿದೆ."

"ಕಾಲ್ ಏನು ವಾಪಸ್ ಕೊಟ್ಟಿತು?"

"ಸೊನ್ನೆ, ಮೇಡಂ."

"ಟಾರ್ಗೆಟ್ ಏನು ಕೊಟ್ಟೆ?"

"ಡೇಟಾ ಸ್ಲಾಶ್ ಪಟ್ಟಿ. ನಾನಿದ್ದ ಫೋಲ್ಡರ್‌ನಲ್ಲೇ ಇದೆ ಅದು."

"ಲಿಂಕ್ ಎಲ್ಲಿ ಇಟ್ಟೆ?"

"ಔಟ್‌ಪುಟ್ ಫೋಲ್ಡರ್ ಒಳಗೆ."

ಹೇಳುತ್ತಿದ್ದ ಹಾಗೇ ಅವನಿಗೇ ಹೊಳೆಯಿತು. ಸಾಪೇಕ್ಷ ಪಾತ್ ಅನ್ನು ಕರ್ನೆಲ್ ಬಿಡಿಸುವುದು ನೀವು ನಿಂತ ಜಾಗದಿಂದ ಅಲ್ಲ, ಲಿಂಕ್ ಇರುವ ಜಾಗದಿಂದ. ಅವನ ಲಿಂಕ್ ಔಟ್‌ಪುಟ್ ಒಳಗೆ ಇನ್ನೊಂದು ಡೇಟಾ ಫೋಲ್ಡರ್ ಹುಡುಕುತ್ತಿತ್ತು. ಮುಂದೆ ಎರಡು ಚುಕ್ಕೆ ಮತ್ತು ಒಂದು ಸ್ಲಾಶ್ ಸೇರಿಸಿದ, ಸರಿಹೋಯಿತು. ಈ ತಪ್ಪು ಮಾಡದ ಒಬ್ಬರನ್ನೂ ನಾನು ನೋಡಿಲ್ಲ. ಕಾಲ್‌ನ ಎರಡು ಆರ್ಗ್ಯುಮೆಂಟ್ ನೋಡಲು ಒಂದೇ ಥರ ಇವೆ, ಎರಡೂ ಪಾತ್. ಆದರೆ ಲಿಂಕ್‌ನ ಹೆಸರನ್ನು ಬಿಡಿಸುವುದು ಈಗ, ನೀವು ನಿಂತ ಜಾಗದಿಂದ. ಟಾರ್ಗೆಟ್ ಅನ್ನು ಬಿಡಿಸುವುದು ಆಮೇಲೆ, ಲಿಂಕ್ ಇರುವ ಜಾಗದಿಂದ.

ಸಿಮ್‌ಲಿಂಕ್‌ಆಟ್‌ನಲ್ಲಿ ಇದು ಸ್ವಲ್ಪ ಎದ್ದು ಕಾಣುತ್ತದೆ. ಅದು ಲಿನಕ್ಸ್ 2.6.16ರಲ್ಲಿ ಬಂತು, ಯುನಿಕ್ಸ್ ಥರದ ಸಿಸ್ಟಮ್‌ಗಳ ಮಾನಕವಾದ ಪಾಸಿಕ್ಸ್ 2008ರಲ್ಲಿ ಸೇರಿತು. ಅದಕ್ಕೆ ಮೂರು ಆರ್ಗ್ಯುಮೆಂಟ್: ಟಾರ್ಗೆಟ್, ತೆರೆದ ಫೋಲ್ಡರ್‌ನ ಡಿಸ್ಕ್ರಿಪ್ಟರ್ (ತೆರೆದಾಗ ಕರ್ನೆಲ್ ಕೊಡುವ ನಂಬರ್), ಲಿಂಕ್ ಹೆಸರು. ಡಿಸ್ಕ್ರಿಪ್ಟರ್ ಲಿಂಕ್ ಹೆಸರಿನ ಪಕ್ಕಕ್ಕೇ ಇದೆ, ಟಾರ್ಗೆಟ್ ಪಕ್ಕಕ್ಕಲ್ಲ. ಅದನ್ನು ನೋಡಿದರೇ ಗೊತ್ತಾಗುತ್ತದೆ, ಟಾರ್ಗೆಟ್‌ಗೂ ಈಗಿನ ಜಾಗಕ್ಕೂ ಸಂಬಂಧ ಇಲ್ಲ ಅಂತ. ಇನ್ನೊಂದು ಲಾಭವೂ ಇದೆ. ಒಮ್ಮೆ ಫೋಲ್ಡರ್ ತೆರೆದಿಟ್ಟುಕೊಂಡರೆ, ಮಧ್ಯೆ ಯಾರೋ ಅದರ ಹೆಸರು ಬದಲಿಸಿದರೂ ಲಿಂಕ್ ಸರಿಯಾದ ಫೋಲ್ಡರ್ ಒಳಗೇ ಬೀಳುತ್ತದೆ. ಹೊಸದಾಗಿ ಬರೆಯುವವರು ಇದನ್ನೇ ಬಳಸಿ ಅನ್ನುತ್ತೇನೆ. ಎಕ್ಸ್86-64 ಮೆಷಿನ್‌ಗಳಲ್ಲಿ ಸಿಮ್‌ಲಿಂಕ್‌ಗೆ 88, ಸಿಮ್‌ಲಿಂಕ್‌ಆಟ್‌ಗೆ 266 ಅಂತ ಎರಡು ನಂಬರ್ ಇವೆ. 64 ಬಿಟ್ ಆರ್ಮ್‌ನಲ್ಲಿ ಕರ್ನೆಲ್ ಕೊಡುವುದು ಸಿಮ್‌ಲಿಂಕ್‌ಆಟ್ ಒಂದನ್ನೇ. ಅಲ್ಲಿ ನೀವು ಸಿಮ್‌ಲಿಂಕ್ ಅಂತ ಕರೆದರೂ ಸಿ ಲೈಬ್ರರಿ ಒಳಗಿಂದ ಅದನ್ನೇ ಕರೆಯುತ್ತದೆ. ಪ್ರೋಗ್ರಾಮ್ ಯಾವ ಕಾಲ್ ಮಾಡಬಹುದು ಅಂತ ಮಿತಿ ಹಾಕುವ ಸೆಕ್‌ಕಾಂಪ್‌ನಲ್ಲಿ ಅನುಮತಿಯ ಪಟ್ಟಿ ಬರೆಯುವವರು ಇದನ್ನು ಗಮನಿಸಬೇಕು. ಒಂದನ್ನು ಮಾತ್ರ ಪಟ್ಟಿಗೆ ಸೇರಿಸಿದರೆ ಒಂದು ಮೆಷಿನ್‌ನಲ್ಲಿ ಓಡುವುದು ಇನ್ನೊಂದರಲ್ಲಿ ನಿಲ್ಲುತ್ತದೆ.

ಲಿಂಕ್ ಓದುವ ಕಾಲ್ ರೀಡ್‌ಲಿಂಕ್. ಸಿಮ್‌ಲಿಂಕ್ ಬಗ್ಗೆ ಬರೆದು ಇದನ್ನು ಬಿಟ್ಟರೆ ಅರ್ಧ ವಿಮರ್ಶೆ ಆದಂತೆ. ಇದು ಕೊನೆಗೆ ಸೊನ್ನೆ ಬೈಟ್ ಹಾಕುವುದಿಲ್ಲ. ಓದಿದ ಉದ್ದವನ್ನು ಮಾತ್ರ ಹೇಳುತ್ತದೆ, ಮುಕ್ತಾಯ ನೀವೇ ಹಾಕಿಕೊಳ್ಳಬೇಕು. ಬಫರ್ ಸಾಲದಿದ್ದರೆ ಎರರ್ ಕೊಡದೆ ಸುಮ್ನೆ ಕತ್ತರಿಸಿಬಿಡುತ್ತದೆ. ಒಂದು ಕಾಲದಲ್ಲಿ ನನ್ನ ಲಾಗ್‌ನಲ್ಲಿ ಫೈಲ್ ಹೆಸರುಗಳ ಬಾಲಕ್ಕೆ ಹಿಂದಿನ ಹೆಸರಿನ ಚೂರು ಅಂಟಿಕೊಂಡು ಬರುತ್ತಿತ್ತು. ಎರಡು ದಿನ ಹುಡುಕಿದ ಮೇಲೆ ಗೊತ್ತಾದದ್ದು ಆ ಒಂದು ಸೊನ್ನೆ. ಈಗ ನಾನು ಮಾಡುವುದು ಹೀಗೆ: ಬಫರ್ ಕೊಟ್ಟು ಓದು, ವಾಪಸ್ ಬಂದ ಉದ್ದ ಬಫರ್‌ನಷ್ಟೇ ಇದ್ದರೆ ಕತ್ತರಿಸಿರಬಹುದು ಅಂತ ತಿಳಿದು ಬಫರ್ ದೊಡ್ಡದು ಮಾಡಿ ಮತ್ತೆ ಓದು. ಎಲ್‌ಸ್ಟ್ಯಾಟ್ ಕೊಟ್ಟ ಅಳತೆ ನಂಬಿ ಬಫರ್ ತೆಗೆದುಕೊಳ್ಳುವುದು ಸಾಲದು. ಓಡುವ ಪ್ರೋಸೆಸ್‌ಗಳ ವಿವರ ತೋರಿಸುವ ಪ್ರೋಕ್ ಫೈಲ್‌ಸಿಸ್ಟಮ್‌ನ ಕೆಲವು ಲಿಂಕ್‌ಗಳು ಅಳತೆ ಸೊನ್ನೆ ಅನ್ನುತ್ತವೆ, ಒಳಗೆ ಬರಹ ಇರುತ್ತದೆ. ಕಳೆದ ಅರ್ಧ ಅಂಕದಲ್ಲಿ ಒಂದು ಪಾಲು ಈ ರೀಡ್‌ಲಿಂಕ್‌ಗೆ ಸೇರಬೇಕು.

ಎರರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಚೆನ್ನಾಗಿವೆ, ಸ್ಪಷ್ಟವಾಗಿವೆ. ಖಾಲಿ ಟಾರ್ಗೆಟ್ ಕೊಟ್ಟರೆ ಲಿನಕ್ಸ್ ಈನೋಎಂಟ್ (ಅಂಥದ್ದಿಲ್ಲ) ಕೊಡುತ್ತದೆ. ಫ್ಯಾಟ್ ಫೈಲ್‌ಸಿಸ್ಟಮ್ ಇರುವ ಪೆನ್‌ಡ್ರೈವ್ ಮೇಲೆ ಲಿಂಕ್ ಮಾಡಹೊರಟರೆ ಈಪರ್ಮ್ (ಅನುಮತಿ ಇಲ್ಲ) ಬರುತ್ತದೆ. ಅದನ್ನು ನೋಡಿ ರೂಟ್ (ಎಲ್ಲ ಹಕ್ಕಿರುವ ಬಳಕೆದಾರ) ಆಗಿ ಮತ್ತೆ ಪ್ರಯತ್ನಿಸಬೇಡಿ. ಅನುಮತಿಯ ಕೊರತೆ ಅಲ್ಲ ಅದು, ಆ ಫೈಲ್‌ಸಿಸ್ಟಮ್‌ಗೆ ಸಿಮ್‌ಲಿಂಕ್ ಅನ್ನೋದೇ ಗೊತ್ತಿಲ್ಲ. ಲಿಂಕ್ ತನ್ನನ್ನೇ ತೋರಿಸುವ ಹಾಗೆ ಮಾಡಿದರೂ ಸಿಮ್‌ಲಿಂಕ್ ಒಪ್ಪಿಕೊಳ್ಳುತ್ತದೆ. ತೆರೆಯಲು ಹೋದಾಗ ಈಲೂಪ್ (ಲಿಂಕ್‌ಗಳು ಮುಗಿಯುತ್ತಿಲ್ಲ ಅನ್ನೋ ಎರರ್) ಬರುತ್ತದೆ. ಲಿನಕ್ಸ್ ಒಂದು ಪಾತ್ ಬಿಡಿಸುವಾಗ 40 ಲಿಂಕ್‌ವರೆಗೆ ಹಿಂಬಾಲಿಸುತ್ತದೆ, 41ನೆಯದಕ್ಕೆ ಕೈಚೆಲ್ಲುತ್ತದೆ. ನಾನು ಒಂದರಿಂದ ಒಂದಕ್ಕೆ ಸರಪಳಿ ಕಟ್ಟಿ ಎಣಿಸಿ ನೋಡಿದ್ದೇನೆ, ಸರಿಯಾಗಿ 40. ಆದರೆ ಬೇರೆ ಸಿಸ್ಟಮ್‌ಗಳಲ್ಲಿ ಈ ಮಿತಿ ಬೇರೆ, ಪಾಸಿಕ್ಸ್ ಭರವಸೆ ಕೊಡುವುದು 8 ಮಾತ್ರ. ಅಷ್ಟು ಉದ್ದದ ಸರಪಳಿ ಬೇಕಾಗುವ ಹಾಗೆ ಡಿಸೈನ್ ಮಾಡಿದ್ದರೆ ಡಿಸೈನ್ ಅನ್ನೇ ಮತ್ತೊಮ್ಮೆ ನೋಡಿ.

ಈಗ ನನ್ನ ಇಷ್ಟದ ಭಾಗ. ಡಿಪ್ಲಾಯ್.

ಕ್ರಮ ಬಹಳ ಜನರಿಗೆ ಗೊತ್ತಿರುವುದೇ. ರಿಲೀಸಸ್ ಅನ್ನೋ ಫೋಲ್ಡರ್ ಒಳಗೆ ಪ್ರತಿ ವರ್ಶನ್‌ಗೆ ಒಂದು ಫೋಲ್ಡರ್. ಹೊರಗೆ ಕರೆಂಟ್ ಅನ್ನೋ ಒಂದು ಲಿಂಕ್. ಸರ್ವರ್ ಯಾವಾಗಲೂ ಕರೆಂಟ್ ಮೂಲಕವೇ ಓದುತ್ತದೆ. ಹೊಸ ವರ್ಶನ್ ಬಂದಾಗ ಲಿಂಕ್ ತಿರುಗಿಸಿದರೆ ಆಯಿತು. ಕೆಟ್ಟರೆ ಹಳೆಯದಕ್ಕೆ ಮತ್ತೆ ತಿರುಗಿಸಬಹುದು, ಒಂದು ಫೈಲೂ ಕಾಪಿ ಮಾಡಬೇಕಿಲ್ಲ.

ತಿರುಗಿಸುವುದು ಹೇಗೆ ಅನ್ನೋದರಲ್ಲೇ ಎಲ್ಲ ಇದೆ. ಸಿಮ್‌ಲಿಂಕ್ ಕಾಲ್ ಇರುವ ಹೆಸರಿನ ಮೇಲೆ ಬರೆಯುವುದಿಲ್ಲ, ಈಎಕ್ಸಿಸ್ಟ್ ಅನ್ನುತ್ತದೆ. ನನ್ನ ಮೊದಲ ಪ್ರೋಗ್ರಾಮ್ ಹಳೆಯ ಲಿಂಕ್ ಅನ್ನು ಅನ್‌ಲಿಂಕ್ ಮಾಡಿ, ಅಂದರೆ ಅಳಿಸಿ, ಆಮೇಲೆ ಸಿಮ್‌ಲಿಂಕ್ ಕರೆಯುತ್ತಿತ್ತು. ನನ್ನ ಮೆಷಿನ್‌ನಲ್ಲಿ ನೂರು ಸಲ ಓಡಿಸಿದೆ, ಒಂದು ಸಲವೂ ತೊಂದರೆ ಇಲ್ಲ. ನಿಜವಾದ ಸರ್ವರ್‌ನಲ್ಲಿ ಪ್ರತಿ ಡಿಪ್ಲಾಯ್ ಹೊತ್ತಿಗೆ ಎರಡೋ ಮೂರೋ ರಿಕ್ವೆಸ್ಟ್ ಫೈಲ್ ಸಿಗಲಿಲ್ಲ ಅಂತ ಬೀಳುತ್ತಿದ್ದವು. ಪ್ರೋಗ್ರಾಮ್ ಮಾಡುವ ಸಿಸ್ಟಮ್ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ ಕೂತೆ. ಸಮಯ ಸಮೇತ ಎರಡು ಸಾಲು ಒಂದರ ಕೆಳಗೊಂದು ಕಂಡವು: ಅನ್‌ಲಿಂಕ್ ಸೊನ್ನೆ, ಸಿಮ್‌ಲಿಂಕ್ ಸೊನ್ನೆ. ಎರಡರ ನಡುವೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಚಿಕ್ಕ ಸಂದು. ಆದರೆ ಆ ಸಂದಿನಲ್ಲಿ ಕರೆಂಟ್ ಅನ್ನೋ ಹೆಸರೇ ಇಲ್ಲ. ಜನ ಜಾಸ್ತಿ ಬರುವ ಸರ್ವರ್‌ನಲ್ಲಿ ಯಾರಾದರೂ ಒಬ್ಬರು ಆ ಸಂದಿಗೆ ಬಿದ್ದೇ ಬೀಳುತ್ತಾರೆ.

ಪರಿಹಾರ ರೀನೇಮ್. ಮೊದಲು ಬೇರೆ ಹೆಸರಿನಲ್ಲಿ ಹೊಸ ಲಿಂಕ್ ಮಾಡು. ಆಮೇಲೆ ಅದನ್ನು ಕರೆಂಟ್ ಅನ್ನೋ ಹೆಸರಿಗೆ ರೀನೇಮ್ ಮಾಡು. ರೀನೇಮ್ ಲಿಂಕ್ ಅನ್ನು ಹಿಂಬಾಲಿಸುವುದಿಲ್ಲ, ಲಿಂಕ್ ಅನ್ನೇ ಬದಲಿಸುತ್ತದೆ, ಅದೂ ಒಂದೇ ಏಟಿಗೆ. ನೋಡುವವರಿಗೆ ಒಂದೋ ಹಳೆಯದು, ಇಲ್ಲವೇ ಹೊಸದು. ಖಾಲಿ ಅನ್ನೋದು ಇಲ್ಲ. ಇದನ್ನು ಹಾಕಿದ ದಿನ ಹಗಲು ಹೊತ್ತೇ, ಜನ ಬಳಸುತ್ತಿರುವಾಗಲೇ ಡಿಪ್ಲಾಯ್ ಮಾಡಿ ಲಾಗ್ ನೋಡುತ್ತಾ ಕೂತಿದ್ದೆ. ಒಂದು ರಿಕ್ವೆಸ್ಟೂ ಬೀಳಲಿಲ್ಲ. ಆ ಖುಷಿ ಇನ್ನೂ ನೆನಪಿದೆ.

ಇದನ್ನೇ ಶೆಲ್‌ನಲ್ಲಿ, ಹೆಸರು ಬದಲಿಸುವ ಎಂವಿ ಕಮಾಂಡ್‌ನಿಂದ ಮಾಡುವವರಿಗೆ ಒಂದು ಎಚ್ಚರಿಕೆ. ಕರೆಂಟ್ ಫೋಲ್ಡರ್ ಅನ್ನು ತೋರಿಸುವ ಲಿಂಕ್ ತಾನೇ. ಎಂವಿಗೆ ಅದು ಫೋಲ್ಡರ್ ಹಾಗೆ ಕಾಣುತ್ತದೆ, ನಿಮ್ಮ ಹೊಸ ಲಿಂಕ್ ಅನ್ನು ಅದರ ಒಳಗೆ ಹಾಕಿಬಿಡುತ್ತದೆ. ಎರರ್ ಇಲ್ಲ, ಗಲಾಟೆ ಇಲ್ಲ. ಸರ್ವರ್ ಹಳೆಯ ವರ್ಶನ್ ಅನ್ನೇ ಕೊಡುತ್ತಿರುತ್ತದೆ, ಹಳೆಯ ರಿಲೀಸ್ ಫೋಲ್ಡರ್ ಒಳಗೆ ಒಂದು ಅನಾಥ ಲಿಂಕ್ ಬಿದ್ದಿರುತ್ತದೆ. ಜಿಎನ್‌ಯು ಎಂವಿಯಲ್ಲಿ ಮೈನಸ್ ದೊಡ್ಡ ಟಿ ಹಾಕಿದರೆ ಸರಿ. ಸಿಸ್ಟಮ್ ಕಾಲ್‌ನಲ್ಲಿ ಈ ಗೊಂದಲವೇ ಇಲ್ಲ, ಹೇಳಿದ ಹೆಸರಿಗೆ ಹೇಳಿದ್ದನ್ನೇ ಮಾಡುತ್ತದೆ. ನಾನು ಕಮಾಂಡ್ ಬಿಟ್ಟು ಕಾಲ್‌ಗೆ ಬಂದದ್ದಕ್ಕೆ ಇದೂ ಒಂದು ಕಾರಣ.

ಕರೆಂಟ್ ಹೋದರೂ (ಲಿಂಕ್ ಅಲ್ಲ, ವಿದ್ಯುತ್ತು) ಬದಲಾವಣೆ ಉಳಿಯಬೇಕು ಅಂದರೆ, ಲಿಂಕ್ ಇರುವ ಫೋಲ್ಡರ್ ತೆರೆದು ಅದರ ಮೇಲೆ ಎಫ್‌ಸಿಂಕ್ (ಡಿಸ್ಕ್‌ಗೆ ಬರೆಸಿಬಿಡುವ ಕಾಲ್) ಕರೆಯಿರಿ. ಲಿಂಕ್ ಮೇಲೆಯೇ ಎಫ್‌ಸಿಂಕ್ ಮಾಡಲು ದಾರಿ ಇಲ್ಲ, ತೆರೆಯಲು ಹೋದರೆ ಅದು ಟಾರ್ಗೆಟ್‌ಗೆ ಕರೆದುಕೊಂಡು ಹೋಗುತ್ತದೆ. ಮತ್ತೊಂದು, ಮೊದಲೇ ಫೈಲ್ ತೆರೆದಿಟ್ಟುಕೊಂಡ ಅಥವಾ ಹಳೆಯ ಫೋಲ್ಡರ್ ಒಳಗೇ ನಿಂತಿರುವ ಪ್ರೋಸೆಸ್‌ಗಳಿಗೆ ಲಿಂಕ್ ತಿರುಗಿದ್ದು ಗೊತ್ತಾಗುವುದಿಲ್ಲ. ಅವು ಹಳೆಯದರಲ್ಲೇ ಇರುತ್ತವೆ. ಹಾಗಾಗಿ ಲಿಂಕ್ ತಿರುಗಿಸಿದ ಕೂಡಲೇ ಹಳೆಯ ಫೋಲ್ಡರ್ ಅಳಿಸಬೇಡಿ. ನಾನು ಹಿಂದಿನ ಐದು ರಿಲೀಸ್ ಇಟ್ಟುಕೊಂಡಿರುತ್ತೇನೆ.

ಭದ್ರತೆ ವಿಷಯಕ್ಕೆ ಬಂದರೆ, ಅಪಾಯ ಲಿಂಕ್ ಮಾಡುವವರಿಗಲ್ಲ, ಹಿಂಬಾಲಿಸುವವರಿಗೆ. ಎಲ್ಲರೂ ಬರೆಯಬಹುದಾದ ಟೆಂಪ್ ಫೋಲ್ಡರ್‌ನಲ್ಲಿ ಯಾರೋ ಒಬ್ಬರು ನಿಮ್ಮ ಪ್ರೋಗ್ರಾಮ್ ಬಳಸುವ ಹೆಸರಿನಲ್ಲೇ ಒಂದು ಲಿಂಕ್ ಇಟ್ಟು, ಅದನ್ನು ಪಾಸ್‌ವರ್ಡ್ ಫೈಲ್‌ಗೆ ತೋರಿಸಿದರು ಅಂದುಕೊಳ್ಳಿ. ರೂಟ್ ಆಗಿ ಓಡುವ ನಿಮ್ಮ ಪ್ರೋಗ್ರಾಮ್ ಅದನ್ನು ತಾತ್ಕಾಲಿಕ ಫೈಲ್ ಅಂತ ನಂಬಿ ಬರೆದರೆ ಮುಗಿಯಿತು. 2012ರಲ್ಲಿ ಬಂದ ಲಿನಕ್ಸ್ 3.6ರಿಂದ ಇದಕ್ಕೊಂದು ಕಾವಲು ಇದೆ, ಪ್ರೊಟೆಕ್ಟೆಡ್ ಸಿಮ್‌ಲಿಂಕ್ಸ್ ಅಂತ. ಎಲ್ಲರೂ ಬರೆಯಬಹುದಾದ, ಸ್ಟಿಕಿ ಬಿಟ್ (ಬೇರೆಯವರ ಫೈಲ್ ಅಳಿಸಲು ಬಿಡದ ಗುರುತು) ಇರುವ ಫೋಲ್ಡರ್‌ನಲ್ಲಿ ಲಿಂಕ್‌ನ ಒಡೆಯರೂ ಹಿಂಬಾಲಿಸುವವರೂ ಒಬ್ಬರೇ ಆಗಿದ್ದರೆ, ಅಥವಾ ಫೋಲ್ಡರ್‌ನ ಒಡೆಯರೇ ಲಿಂಕ್ ಮಾಡಿದ್ದರೆ ಮಾತ್ರ ಕರ್ನೆಲ್ ಹಿಂಬಾಲಿಸಲು ಬಿಡುತ್ತದೆ. ಬಹಳಷ್ಟು ಡಿಸ್ಟ್ರಿಬ್ಯೂಷನ್‌ಗಳಲ್ಲಿ ಇದು ಆನ್ ಆಗಿಯೇ ಬರುತ್ತದೆ. ಆದರೂ ಪ್ರೋಗ್ರಾಮ್ ಬರೆಯುವವರು ತಮ್ಮ ಎಚ್ಚರಿಕೆ ಬಿಡಬಾರದು. ಫೈಲ್ ತೆರೆಯುವಾಗ ಲಿಂಕ್ ಹಿಂಬಾಲಿಸಬೇಡ ಅನ್ನೋ ಓ ನೋಫಾಲೋ ಫ್ಲಾಗ್ ಕೊಡಿ. ಅದು ನೋಡುವುದು ಪಾತ್‌ನ ಕೊನೆಯ ತುಂಡನ್ನು ಮಾತ್ರ, ನಡುವಿನ ಫೋಲ್ಡರ್‌ಗಳು ಲಿಂಕ್ ಆಗಿದ್ದರೆ ತಡೆಯುವುದಿಲ್ಲ. ಪೂರ್ತಿ ತಡೆಯಬೇಕಿದ್ದರೆ ಲಿನಕ್ಸ್ 5.6ರಲ್ಲಿ ಬಂದ ಓಪನ್‌ಆಟ್2 ಇದೆ. ರಿಸಾಲ್ವ್ ನೋ ಸಿಮ್‌ಲಿಂಕ್ಸ್ ಅಂತ ಕೊಟ್ಟರೆ ದಾರಿಯಲ್ಲಿ ಎಲ್ಲೇ ಲಿಂಕ್ ಸಿಕ್ಕರೂ ನಿಲ್ಲುತ್ತದೆ. ನನ್ನ ರಿಸ್ಟೋರ್ ಕೋಡ್ ಈಗ ಅದನ್ನೇ ಬಳಸುತ್ತದೆ.

ವಿಂಡೋಸ್ ಕಡೆಗೆ ಹೋಗೋಣ. ಕ್ರಿಯೇಟ್‌ಸಿಂಬಾಲಿಕ್‌ಲಿಂಕ್ ವಿಸ್ಟಾದಲ್ಲಿ ಬಂತು. ವಿಂಡೋಸ್‌ನ ಫೈಲ್‌ಸಿಸ್ಟಮ್ ಆದ ಎನ್‌ಟಿಎಫ್‌ಎಸ್‌ನ ರೀಪಾರ್ಸ್ ಪಾಯಿಂಟ್ ಮೇಲೆ ನಿಂತಿರುವ ಇದರ ಒಳಗಿನ ಕೆಲಸ ಗಟ್ಟಿ. ಮೂರು ವಿಷಯ ನನಗೆ ಕಿರಿಕಿರಿ ಮಾಡಿವೆ. ಒಂದು, ಆರ್ಗ್ಯುಮೆಂಟ್‌ಗಳ ಕ್ರಮ ಉಲ್ಟಾ. ಇಲ್ಲಿ ಮೊದಲು ಲಿಂಕ್ ಹೆಸರು, ಆಮೇಲೆ ಟಾರ್ಗೆಟ್. ಎರಡು ಕಡೆಯೂ ಓಡುವ ಕೋಡ್ ಬರೆಯುವಾಗ ಕೈ ತಪ್ಪುವುದು ಸಹಜ. ಭಾಷೆಗಳ ಲೈಬ್ರರಿಗಳೂ ಒಂದೇ ದಾರಿ ಹಿಡಿದಿಲ್ಲ. ಪೈಥಾನ್, ಗೋ, ನೋಡ್ ಮೂರೂ ಟಾರ್ಗೆಟ್ ಮೊದಲು ಕೇಳುತ್ತವೆ, ಜಾವಾ ಲಿಂಕ್ ಮೊದಲು ಕೇಳುತ್ತದೆ. ಎರಡು, ಟಾರ್ಗೆಟ್ ಫೈಲೋ ಫೋಲ್ಡರೋ ಅಂತ ಲಿಂಕ್ ಮಾಡುವಾಗಲೇ ಫ್ಲಾಗ್‌ನಲ್ಲಿ ಹೇಳಬೇಕು. ಇನ್ನೂ ಹುಟ್ಟದ ಫೋಲ್ಡರ್‌ಗೆ ಲಿಂಕ್ ಮಾಡುವಾಗ ಇದನ್ನು ಮೊದಲೇ ಊಹಿಸಬೇಕು, ತಪ್ಪಿದರೆ ಆಮೇಲೆ ಫೋಲ್ಡರ್ ಬಂದರೂ ಲಿಂಕ್ ಸರಿಯಾಗಿ ನಡೆಯುವುದಿಲ್ಲ.

ಮೂರನೆಯದು ದೊಡ್ಡದು, ಹಕ್ಕಿನ ಪ್ರಶ್ನೆ. ಲಿನಕ್ಸ್‌ನಲ್ಲಿ ಫೋಲ್ಡರ್‌ನಲ್ಲಿ ಬರೆಯಲು ಅನುಮತಿ ಇದ್ದವರೆಲ್ಲ ಲಿಂಕ್ ಮಾಡಬಹುದು. ವಿಂಡೋಸ್‌ನಲ್ಲಿ ಇದಕ್ಕೆ ಪ್ರತ್ಯೇಕ ಹಕ್ಕು ಬೇಕು, ಸಾಮಾನ್ಯವಾಗಿ ಅಡ್ಮಿನಿಸ್ಟ್ರೇಟರ್‌ಗೆ ಮಾತ್ರ. ಇಲ್ಲದಿದ್ದರೆ ಎರರ್ 1314. 2017ರಲ್ಲಿ ಬಂದ ವಿಂಡೋಸ್ 10ರ 1703 ವರ್ಶನ್‌ನಿಂದ ಡೆವಲಪರ್ ಮೋಡ್ ಆನ್ ಮಾಡಿ, ಕಾಲ್‌ಗೆ ಇನ್ನೊಂದು ಫ್ಲಾಗ್ ಸೇರಿಸಿದರೆ ಮಾಮೂಲಿ ಬಳಕೆದಾರರೂ ಮಾಡಬಹುದು. ಒಳ್ಳೆಯ ಹೆಜ್ಜೆಯೇ. ಆದರೆ ನಿಮ್ಮ ಪ್ರೋಗ್ರಾಮ್ ಬಳಸುವವರೆಲ್ಲ ಡೆವಲಪರ್ ಮೋಡ್ ಆನ್ ಮಾಡಿರುತ್ತಾರೆ ಅಂತ ನಂಬಲಾಗುವುದಿಲ್ಲವಲ್ಲ. ಇದರ ಪರಿಣಾಮ ಕೋಡ್‌ನ ವರ್ಶನ್‌ಗಳನ್ನು ಇಟ್ಟುಕೊಳ್ಳುವ ಗಿಟ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಗಿಟ್ ಸಿಮ್‌ಲಿಂಕ್ ಅನ್ನು 120000 ಅನ್ನೋ ಮೋಡ್ ಹಾಕಿ, ಟಾರ್ಗೆಟ್ ಬರಹವನ್ನೇ ಒಳಗಿಟ್ಟು ಸಂಗ್ರಹಿಸುತ್ತದೆ. ಲಿಂಕ್ ಮಾಡಲಾಗದ ವಿಂಡೋಸ್ ಮೆಷಿನ್‌ನಲ್ಲಿ ಸಿಮ್‌ಲಿಂಕ್ ಸೆಟ್ಟಿಂಗ್ ಆಫ್ ಇದ್ದರೆ ಲಿಂಕ್ ಬದಲು ಒಂದು ಪುಟ್ಟ ಟೆಕ್ಸ್ಟ್ ಫೈಲ್ ಬರುತ್ತದೆ, ಒಳಗೆ ಒಂದೇ ಸಾಲು ಪಾತ್. ಒಮ್ಮೆ ಬಿಲ್ಡ್ ಯಾಕೆ ಮುರಿಯುತ್ತಿದೆ ಅಂತ ನಾವು ಮೂವರು ಅರ್ಧ ದಿನ ಹುಡುಕಿದೆವು. ಕಾನ್ಫಿಗ್ ಫೈಲ್ ತೆರೆದು ನೋಡಿದರೆ ಒಳಗೆ ಎರಡು ಚುಕ್ಕೆ, ಸ್ಲಾಶ್, ಒಂದು ಹೆಸರು. ಅಷ್ಟೇ ಇತ್ತು.

ಇನ್ನು ಲಿನಕ್ಸ್‌ನ ಅರ್ಧ ಅಂಕದಲ್ಲಿ ಉಳಿದ ಪಾಲು ಎಲ್ಲಿ ಹೋಯಿತು ಅಂದರೆ, ಸಿಮ್‌ಲಿಂಕ್‌ಆಟ್‌ಗೆ ಫ್ಲಾಗ್ ಕೊಡಲು ಜಾಗವೇ ಇಲ್ಲ. ಆಟ್ ಕುಟುಂಬದ ಲಿಂಕ್‌ಆಟ್, ಅನ್‌ಲಿಂಕ್‌ಆಟ್ ಎರಡಕ್ಕೂ ಇದೆ. ಸಿಮ್‌ಲಿಂಕ್‌ಆಟ್‌ಗೂ ಒಂದು ಇದ್ದಿದ್ದರೆ, ಇರುವ ಹೆಸರನ್ನು ಒಂದೇ ಕಾಲ್‌ನಲ್ಲಿ ಬದಲಿಸು ಅಂತ ಕೇಳಬಹುದಿತ್ತು. ಅದು ಬರುವವರೆಗೆ ನನ್ನ ಡಿಪ್ಲಾಯ್ ಪ್ರೋಗ್ರಾಮ್‌ನಲ್ಲಿ ಆ ಮೂರು ಹೆಜ್ಜೆ ಹಾಗೇ ಇರುತ್ತವೆ: ಪ್ರೋಸೆಸ್ ನಂಬರ್ ಸೇರಿಸಿ ಒಂದು ತಾತ್ಕಾಲಿಕ ಹೆಸರು, ಆ ಹೆಸರಿಗೆ ಸಿಮ್‌ಲಿಂಕ್‌ಆಟ್, ಆಮೇಲೆ ರೀನೇಮ್‌ಆಟ್. ರೀನೇಮ್ ಸೋತರೆ ತಾತ್ಕಾಲಿಕ ಲಿಂಕ್ ಅಳಿಸಲು ಮರೆಯಬೇಡಿ.